ಭೌತವಿಜ್ಞಾನದ ಪದವಿ ಮತ್ತು ಜೀವನೋಪಾಯ: ಚಿಕ್ಕಬಳ್ಳಾಪುರ ಸೀಮೆಯ ಒಂದು ಚರಿತ್ರೆ

ಭೌತವಿಜ್ಞಾನವನ್ನು ಓದಿದವನಿಗೆ ಯಾವ ಉದ್ಯೋಗ ದೊರೆಯುತ್ತದೆಂಬುದು ಸಾಮಾನ್ಯವಾಗಿ ತಂದೆತಾಯಿಗಳು ಕೇಳುವ ಪ್ರಶ್ನೆ. ಚರಿತ್ರಕಾರನು ಅದನ್ನು ಕೇಳುವುದು ಅಪೂರ್ವ. ವಿಜ್ಞಾನದ ಚರಿತ್ರೆಯೆಂದರೆ ಶೋಧಗಳ ಚರಿತ್ರೆಯೆಂದೂ, ಶೋಧಕರು ಹೊಟ್ಟೆಬಟ್ಟೆಗೆ ಏನು ಮಾಡಿದರೆಂಬುದು ಅದಕ್ಕೆ ಹೊರತಾದ ವಿಷಯವೆಂದೂ ಒಂದು ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಒಂದು ಶಾಸ್ತ್ರವು ಒಂದು ನಾಡಿನಲ್ಲಿ ನೆಲೆಗೊಳ್ಳಬೇಕಾದರೆ, ಅದನ್ನು ಅಭ್ಯಸಿಸಿದವರು ಅದರಿಂದಲೇ ಜೀವಿಸಲು ಸಾಧ್ಯವಾಗಬೇಕು. ಹಾಗಾಗದಿದ್ದಲ್ಲಿ ಆ ಶಾಸ್ತ್ರವು ಪರೀಕ್ಷೆಯ ಮೆಟ್ಟಿಲಾಗಿ ಉಳಿಯುತ್ತದೆಯೇ ಹೊರತು ನಾಡಿನ ವಿದ್ಯೆಯಾಗುವುದಿಲ್ಲ. ಆದಕಾರಣ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದು, ಆ ವರ್ಷ ಚಿಕ್ಕಬಳ್ಳಾಪುರ ಜಿಲ್ಲೆಯಾಗಿ ಬೇರ್ಪಟ್ಟ ಈ ಪ್ರದೇಶವು ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆ ಮತ್ತು ಕೊಳವೆ ಬಾವಿಗಳನ್ನು ನಂಬಿದ ನಾಡು. ರಾಗಿ, ನೆಲಗಡಲೆ, ತರಕಾರಿ, ರೇಷ್ಮೆ ಇವೇ ಇಲ್ಲಿನ ಬದುಕು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಹೀಗಿದ್ದರೂ ಭಾರತದ ಭೌತವಿಜ್ಞಾನದ ಎರಡು ಮಹತ್ತ್ವದ ಸ್ಥಾವರಗಳು ಗೌರಿಬಿದನೂರಿನ ಬಳಿ ನೆಲೆಗೊಂಡಿವೆ. ಕರ್ನಾಟಕದ ಅತ್ಯಂತ ಪ್ರಸಿದ್ಧ ಭೌತವಿಜ್ಞಾನದ ಅಧ್ಯಾಪಕರಲ್ಲೊಬ್ಬರು ಈ ಮಣ್ಣಿನಲ್ಲೇ ಹುಟ್ಟಿದರು. ಹಾಗಿದ್ದೂ ಇಲ್ಲಿ ಭೌತವಿಜ್ಞಾನದ ಪದವಿ ಪಡೆದ ವಿದ್ಯಾರ್ಥಿಯು ಉದ್ಯೋಗಕ್ಕಾಗಿ ಬೆಂಗಳೂರಿನ ದಾರಿ ಹಿಡಿಯುವುದೇ ವಾಡಿಕೆ. ಈ ವೈಷಮ್ಯಕ್ಕೆ ಕಾರಣವನ್ನು ಚರಿತ್ರೆಯಲ್ಲಿ ಹುಡುಕಬೇಕಾಗಿದೆ.

1. ಕಚೇರಿಯ ದಾರಿ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರು ಸಂಸ್ಥಾನದ ಪೂರ್ವಭಾಗದ ವಿದ್ಯಾರ್ಥಿಗೆ ಉನ್ನತ ಶಿಕ್ಷಣವೆಂದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. 1858ರಲ್ಲಿ ಪ್ರೌಢಶಾಲೆಯಾಗಿ ಆರಂಭವಾದ ಈ ಸಂಸ್ಥೆಯು ಮದರಾಸು ವಿಶ್ವವಿದ್ಯಾನಿಲಯಕ್ಕೆ ಅಧೀನವಾಗಿತ್ತು. ವಿಜ್ಞಾನಕ್ಕೆಂದು ಪ್ರತ್ಯೇಕ ಪದವಿಯು ಬಳಕೆಗೆ ಬರುವುದಕ್ಕೆ ಮೊದಲು ಬಿ.ಎ. ಪದವಿಯ ಒಂದು ಶಾಖೆಯಾಗಿಯೇ ಭೌತವಿಜ್ಞಾನವನ್ನು ಓದಬೇಕಾಗಿತ್ತು. ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಬಳ್ಳಾಪುರದಲ್ಲಿ ಪ್ರಾಥಮಿಕ ವಿದ್ಯಾಭ್ಯಾಸ ಮಾಡಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1881ರಲ್ಲಿ ಇದೇ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಓದುವ ಕಾಲದಲ್ಲಿ ಅವರು ಮನೆಪಾಠ ಹೇಳಿ ಖರ್ಚು ತೂಗಿಸಿಕೊಳ್ಳುತ್ತಿದ್ದರೆಂಬುದು ಪ್ರಸಿದ್ಧ. ಬಳಿಕ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ವಿದ್ಯೆಯನ್ನು ಮುಗಿಸಿ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಸಾಮಾನ್ಯ ಪದವಿಯು ಸ್ವತಃ ಜೀವನೋಪಾಯವಾಗಿರಲಿಲ್ಲ. ಅದು ವೃತ್ತಿಶಿಕ್ಷಣಕ್ಕೆ ಅಥವಾ ಸರ್ಕಾರದ ಕಚೇರಿಗೆ ಹೋಗುವ ಮೆಟ್ಟಿಲಾಗಿತ್ತು.

ಇದು ಸಾಮಾನ್ಯ ವಿದ್ಯಾರ್ಥಿಗಳಿಗೆ ಮಾತ್ರ ಅನ್ವಯಿಸುವ ಮಾತೆಂದು ತಿಳಿಯಬಾರದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ 1907ರಲ್ಲಿ ಭೌತವಿಜ್ಞಾನದ ಎಂ.ಎ. ಪದವಿಯನ್ನು ಪಡೆದ ಚಂದ್ರಶೇಖರ ವೆಂಕಟರಾಮನ್ನರಿಗೂ ದೊರೆತ ಉದ್ಯೋಗ ಹಣಕಾಸು ಇಲಾಖೆಯದು. ಅವರು ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಹಗಲು ಲೆಕ್ಕಪತ್ರಗಳನ್ನು ನೋಡುತ್ತ, ಕಚೇರಿಯ ವೇಳೆಯ ಹೊರಗೆ ಪ್ರಯೋಗಗಳನ್ನು ಮಾಡಿದರು. 1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕ ಪೀಠವು ದೊರೆತಾಗ, ಕಡಮೆ ಸಂಬಳವಾದರೂ ಅದನ್ನೇ ಒಪ್ಪಿಕೊಂಡರು. ಹತ್ತು ವರ್ಷಗಳ ಕಾಲ ದೇಶದ ಅತ್ಯುತ್ತಮ ಭೌತವಿಜ್ಞಾನಿಯು ಲೆಕ್ಕಪತ್ರಗಳ ನಡುವೆ ಕುಳಿತಿರಬೇಕಾದುದಕ್ಕೆ ಅವರ ಪ್ರತಿಭೆಯ ಕೊರತೆ ಕಾರಣವಲ್ಲ. ಆ ಪ್ರತಿಭೆಗೆ ವೇತನ ಕೊಡುವ ಪೀಠವೊಂದು ಇರಲಿಲ್ಲವೆಂಬುದೇ ಕಾರಣ. ಪೀಠವೊಂದು ಹುಟ್ಟಿದೊಡನೆ ಉದ್ಯೋಗವೂ ಹುಟ್ಟಿತು. ಈ ಲೇಖನದ ಮುಂದಿನ ಭಾಗಗಳಿಗೆಲ್ಲ ಇದೇ ಸೂತ್ರ: ಪದವಿಗೆ ಬೆಲೆ ಬರುವುದು ಸಂಸ್ಥೆಗಳಿಂದ.

2. ಕರಿಹಲಗೆಯ ದಾರಿ

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರೇ. ವಿಜ್ಞಾನ ಬೋಧನೆಯು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕೇಂದ್ರೀಕೃತವಾಯಿತು. ಪದವೀಧರರು ಹೆಚ್ಚಿದಂತೆ ಪ್ರೌಢಶಾಲೆಗಳೂ ಹೆಚ್ಚಿದವು. ಪ್ರೌಢಶಾಲೆಗಳು ಹೆಚ್ಚಿದಂತೆ ವಿಜ್ಞಾನದ ಉಪಾಧ್ಯಾಯರು ಬೇಕಾದರು. ಭೌತವಿಜ್ಞಾನದ ಪದವಿಯು ತನ್ನ ವಿಷಯದಿಂದಲೇ ಅನ್ನ ಕೊಡಲು ತೊಡಗಿದ್ದು ಈ ಮಾರ್ಗದಲ್ಲಿ. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು 1910ರ ದಶಕದ ಕೊನೆಯಲ್ಲಿ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದರು, ಕನ್ನಡ ಸಾಹಿತ್ಯ ಪರಿಷತ್ತಿನ ಆರಂಭದ ಕಾರ್ಯಕರ್ತರಲ್ಲಿಯೂ ಅವರೊಬ್ಬರು. ಅಧ್ಯಾಪಕನ ಹುದ್ದೆಯು ಕೇವಲ ಸಂಬಳದ ಸ್ಥಾನವಾಗಿರದೆ, ಶಾಸ್ತ್ರವನ್ನು ಜನಭಾಷೆಗೆ ತರುವ ಸ್ಥಾನವೂ ಆಯಿತೆಂಬುದಕ್ಕೆ ಇದು ನಿದರ್ಶನ. ಇದೇ ಕಾಲೇಜಿನಲ್ಲಿ 1928ರ ಮಾರ್ಚ್ 16ರಂದು ರಾಮನ್ನರು ತಮ್ಮ ಹೊಸ ವಿಕಿರಣದ ಶೋಧವನ್ನು ಕುರಿತು ಉಪನ್ಯಾಸ ಮಾಡಿದರು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ನಿರ್ದೇಶಕರಾಗಿ ಬಂದುದರಿಂದ, ಕಲಿಸುವುದರ ಜೊತೆಗೆ ಸಂಶೋಧಿಸುವುದೂ ಒಂದು ವೃತ್ತಿಯಾಗಬಹುದೆಂಬ ಆದರ್ಶವು ಸಮೀಪಕ್ಕೆ ಬಂದಿತು.

ನಮ್ಮ ಸೀಮೆಯಲ್ಲಿ ಈ ಮಾರ್ಗದ ಪ್ರತಿನಿಧಿಯಾಗಿ ಡಾ. ಎಚ್. ನರಸಿಂಹಯ್ಯನವರ ಜೀವನವನ್ನು ನೋಡಬಹುದು. ಅವರು 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದರು. ಊರಿನಲ್ಲಿ ಪ್ರೌಢಶಾಲೆಯಿಲ್ಲದ ಕಾರಣ, ಬಸ್ಸಿಗೆ ಹಣವಿಲ್ಲದೆ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋಗಿ ನ್ಯಾಷನಲ್ ಹೈಸ್ಕೂಲನ್ನು ಸೇರಿದರು. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. ಓದನ್ನು ಮುಂದುವರಿಸಿ ಭೌತವಿಜ್ಞಾನದಲ್ಲಿ ಎಂ.ಎಸ್‌ಸಿ. ಪದವಿ ಪಡೆದು, 1946ರಲ್ಲಿ, ಆಗತಾನೆ ಪ್ರಾರಂಭವಾಗಿದ್ದ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾನಿಲಯದಿಂದ 1960ರಲ್ಲಿ ಪರಮಾಣು ಬೀಜ ಭೌತವಿಜ್ಞಾನದಲ್ಲಿ ಡಾಕ್ಟೊರೇಟ್ ಪಡೆದ ಮೇಲೆ ಅದೇ ಕಾಲೇಜಿಗೆ ಹಿಂದಿರುಗಿ ಪ್ರಾಂಶುಪಾಲರಾದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪನೆಗೆ ಕಾರಣರಾದರು, 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು, 2005ರಲ್ಲಿ ನಿಧನರಾದರು.

ಈ ಜೀವನದಲ್ಲಿ ಉದ್ಯೋಗದ ದೃಷ್ಟಿಯಿಂದ ಗಮನಿಸತಕ್ಕ ಅಂಶಗಳು ಎರಡು. ಮೊದಲನೆಯದಾಗಿ, ಹೊಸೂರಿನ ಹುಡುಗನಿಗೆ ಭೌತವಿಜ್ಞಾನವು ಜೀವನವಾದುದು ಒಂದು ಖಾಸಗಿ ವಿದ್ಯಾಸಂಸ್ಥೆಯು ಅದೇ ಸಮಯದಲ್ಲಿ ಕಾಲೇಜನ್ನು ತೆರೆದುದರಿಂದ. ಎರಡನೆಯದಾಗಿ, ಅವರು ಪಡೆದುದನ್ನು ತಮ್ಮ ಸೀಮೆಗೆ ಮರಳಿಸಿದ ರೀತಿ. ಅವರ ಕಾಲದಲ್ಲಿ ನ್ಯಾಷನಲ್ ಎಜುಕೇಷನ್ ಸೊಸೈಟಿಯು ಗೌರಿಬಿದನೂರು ಮತ್ತು ಬಾಗೇಪಲ್ಲಿ ಭಾಗಗಳಿಗೆ ತನ್ನ ಶಾಲಾಕಾಲೇಜುಗಳನ್ನು ವಿಸ್ತರಿಸಿತು. ಊರಿನ ಹುಡುಗರು ವಿಜ್ಞಾನ ಓದಲು ಬೆಂಗಳೂರಿಗೆ ನಡೆದುಹೋಗಬೇಕಾದ ಸ್ಥಿತಿಯು ತಪ್ಪಿದುದಲ್ಲದೆ, ಕಲಿಸುವ ಹುದ್ದೆಗಳೂ ಸೀಮೆಯೊಳಗೇ ಹುಟ್ಟಿದವು.

ಇಲ್ಲಿ ಭಾಷೆಯ ವಿಷಯವನ್ನೂ ಹೇಳಬೇಕು. ಗಡಿಯ ಈ ತಾಲ್ಲೂಕುಗಳಲ್ಲಿ ಮನೆಮಾತು ತೆಲುಗಾಗಿರುವ ಕುಟುಂಬಗಳು ಹೇರಳ. ಅಂಥ ಮಗುವು ಮನೆಯಲ್ಲಿ ತೆಲುಗನ್ನೂ, ಶಾಲೆಯಲ್ಲಿ ಕನ್ನಡವನ್ನೂ ಆಡಿ, ಕಾಲೇಜಿಗೆ ಬಂದಾಗ ಭೌತವಿಜ್ಞಾನವನ್ನು ಇಂಗ್ಲಿಷಿನಲ್ಲಿ ಎದುರಿಸುತ್ತದೆ. ಮೂರು ಭಾಷೆಗಳ ಈ ಹೊಳೆಯನ್ನು ದಾಟಿಸುವ ಅಂಬಿಗನು ಊರಿನ ಅಧ್ಯಾಪಕನೇ. ಅವನ ಹುದ್ದೆಯನ್ನು ಕೇವಲ ಒಂದು ಉದ್ಯೋಗವೆಂದು ಎಣಿಸುವವರು ಈ ಸಂಗತಿಯನ್ನು ಮರೆಯುತ್ತಾರೆ.

3. ಪ್ರಯೋಗಶಾಲೆಯ ದಾರಿ

ಸ್ವಾತಂತ್ರ್ಯಾನಂತರ ಮೂರನೆಯ ದಾರಿಯು ತೆರೆಯಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನ ಓದಿದ ಬಿ.ವಿ. ಶ್ರೀಕಂಠನ್ನರು 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದರು. ಹೋಮಿ ಭಾಭಾ ಅವರ ಪ್ರೇರಣೆಯಿಂದ 1951ರ ಸುಮಾರಿನಲ್ಲಿ ಅವರು ಕೋಲಾರದ ಚಿನ್ನದ ಗಣಿಗಿಳಿದು, ನೆಲದಾಳದಲ್ಲಿ ವಿಶ್ವಕಿರಣಗಳನ್ನು ಅಳೆಯುವ ಕೆಲಸವನ್ನು ಆರಂಭಿಸಿದರು. ಮುಂದೆ 1975ರಿಂದ 1987ರವರೆಗೆ ಅವರು ಆ ಸಂಸ್ಥೆಯ ನಿರ್ದೇಶಕರಾಗಿದ್ದರು. ಅದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಭಾರತ, ಬ್ರಿಟನ್ ಮತ್ತು ಜಪಾನಿನ ವಿಜ್ಞಾನಿಗಳು ಕೂಡಿ 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಕುರುಹನ್ನು ಕಂಡರು. ಆ ಬಗೆಯ ಮೊದಲ ದರ್ಶನಗಳಲ್ಲಿ ಇದೊಂದು. ಗಣಿಯು 2001ರಲ್ಲಿ ಮುಚ್ಚಿತು.

ಅದೇ 1965ರಲ್ಲಿ, ಅದೇ ಅವಿಭಕ್ತ ಕೋಲಾರ ಜಿಲ್ಲೆಯ ಮತ್ತೊಂದು ಮೂಲೆಯಲ್ಲಿ, ಗೌರಿಬಿದನೂರಿನಲ್ಲಿ ಭೂಕಂಪಮಾಪಕಗಳ ಶ್ರೇಣಿಯೊಂದು ಸ್ಥಾಪಿತವಾಯಿತು. 1963ರ ಒಪ್ಪಂದವು ವಾಯುಮಂಡಲದಲ್ಲಿ ಪರಮಾಣು ಸ್ಫೋಟಗಳನ್ನು ನಿಷೇಧಿಸಿತ್ತಾದರೂ ಭೂಗರ್ಭದ ಸ್ಫೋಟಗಳನ್ನು ನಿಷೇಧಿಸಿರಲಿಲ್ಲ. ಭೂಕಂಪಕ್ಕೂ ಭೂಗರ್ಭ ಸ್ಫೋಟಕ್ಕೂ ಇರುವ ಭೇದವನ್ನು ದೂರದಿಂದಲೇ ಅರಿಯುವ ವಿದ್ಯೆಯು ಆಗ ಅಗತ್ಯವಾಯಿತು. ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರವು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯದ ವಾರಮುಂಗ ಮೊದಲಾದೆಡೆಗಳಲ್ಲಿ ನೆರವಾದ ಶ್ರೇಣಿಗಳ ಬಳಗಕ್ಕೇ ಸೇರಿದ್ದು ಗೌರಿಬಿದನೂರಿನ ಶ್ರೇಣಿ. ಮುಂದೆ 1967ರಲ್ಲಿ ಭಾಭಾ ಅವರ ಹೆಸರನ್ನು ಪಡೆದ ಟ್ರಾಂಬೆಯ ಪರಮಾಣು ಸಂಸ್ಥೆಯೇ ಇದರ ಭಾರತೀಯ ಪಾಲುದಾರ. ಇಪ್ಪತ್ತು ಮಾಪಕಗಳು ಎರಡು ಬಾಹುಗಳಲ್ಲಿ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿ ಚಾಚಿಕೊಂಡು, ಹೊಲಗದ್ದೆಗಳ ನಡುವೆ ನೆಲದ ಸೂಕ್ಷ್ಮ ಕಂಪನಗಳನ್ನು ಗ್ರಹಿಸುವಂತೆ ಅವನ್ನು ಹೂಡಲಾಯಿತು.

1976ರಲ್ಲಿ ಇದೇ ಗೌರಿಬಿದನೂರಿನ ಬಳಿ ಭಾರತೀಯ ಖಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನ ಸಂಸ್ಥೆಗಳು ಜೊತೆಗೂಡಿ ಡೆಕಾಮೀಟರ್ ಅಲೆಗಳ ರೇಡಿಯೊ ದೂರದರ್ಶಕವನ್ನು ನಿರ್ಮಿಸಿದವು. 34.5 ಮೆಗಾಹರ್ಟ್ಸ್ ಆವರ್ತನದಲ್ಲಿ, ಅಂದರೆ ಸುಮಾರು 8.7 ಮೀಟರ್ ಉದ್ದದ ಅಲೆಗಳಲ್ಲಿ, ಆಕಾಶವನ್ನು ನೋಡುವ ಈ ಯಂತ್ರದಲ್ಲಿ ಇಂಗ್ಲಿಷಿನ ‘ಟಿ’ ಅಕ್ಷರದಂತೆ ನೆಟ್ಟ 1,000 ಡೈಪೋಲುಗಳಿದ್ದವು. ಪೂರ್ವಪಶ್ಚಿಮ ಬಾಹುವಿನ ಉದ್ದ ಸುಮಾರು 1.4 ಕಿಲೋಮೀಟರ್, ದಕ್ಷಿಣ ಬಾಹುವಿನದು ಸುಮಾರು 450 ಮೀಟರ್. ಸಮಭಾಜಕ ವೃತ್ತಕ್ಕೆ ಸಮೀಪವಿರುವ ಕಾರಣ ಇಲ್ಲಿಂದ ಉತ್ತರ ದಕ್ಷಿಣಗಳೆರಡರ ಆಕಾಶವೂ ಕಾಣುತ್ತದೆ; ಉತ್ತರದ 70 ಡಿಗ್ರಿಯಿಂದ ದಕ್ಷಿಣದ 50 ಡಿಗ್ರಿಯವರೆಗಿನ ಆಕಾಶದ ರೇಡಿಯೊ ನಕ್ಷೆಯು ಈ ದೂರದರ್ಶಕದಿಂದ ತಯಾರಾಗಿ 1990ರಲ್ಲಿ ಪ್ರಕಟವಾಯಿತು. 1997ರಲ್ಲಿ ಸೂರ್ಯನ ಹೊರಕವಚವಾದ ಕರೋನಾವನ್ನು ವೀಕ್ಷಿಸುವ ರೇಡಿಯೊ ಹೀಲಿಯೊಗ್ರಾಫ್ ಕೂಡ ಇಲ್ಲಿ ಸ್ಥಾಪಿತವಾಯಿತು. ಲೆಕ್ಕಪತ್ರದ ಕಚೇರಿಯನ್ನು ಬಿಟ್ಟುಬಂದ ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಂಸ್ಥೆಯೇ ಮೂರು ದಶಕಗಳೊಳಗೆ ಗೌರಿಬಿದನೂರಿನ ಬಯಲನ್ನು ತಲಪಿತೆಂಬುದು ನೆನೆಯತಕ್ಕ ಸಂಗತಿ.

4. ನಿಶ್ಶಬ್ದದ ಬೆಲೆ

ಈಗ ಮೊದಲಿನ ಪ್ರಶ್ನೆಗೆ ಹಿಂದಿರುಗಬಹುದು. ಇಷ್ಟು ದೊಡ್ಡ ಉಪಕರಣಗಳು ಊರಿಗೆ ಬಂದಾಗ ಊರಿನ ಭೌತವಿಜ್ಞಾನ ಪದವೀಧರನಿಗೆ ಅದರಿಂದ ಉದ್ಯೋಗದ ಬಾಗಿಲು ತೆರೆಯಬೇಕಾಗಿತ್ತಲ್ಲವೆ?

ಉಪಕರಣಗಳು ಈ ನೆಲವನ್ನು ಆರಿಸಿದ್ದೇಕೆಂಬುದನ್ನು ವಿಚಾರಿಸಿದರೆ ಉತ್ತರ ತಿಳಿಯುತ್ತದೆ. ಭೂಕಂಪಮಾಪಕಕ್ಕೆ ಬೇಕಾದುದು ಗಟ್ಟಿಯಾದ ಪ್ರಾಚೀನ ಶಿಲೆ, ಸಮುದ್ರದಿಂದ ದೂರ, ಭಾರಿ ಯಂತ್ರಗಳ ಮತ್ತು ವಾಹನಗಳ ಅಲುಗಾಟವಿಲ್ಲದ ನೆಲ. ರೇಡಿಯೊ ದೂರದರ್ಶಕಕ್ಕೆ ಬೇಕಾದುದು ಬೆಟ್ಟಗಳ ಮರೆ, ವಿದ್ಯುತ್ ಗದ್ದಲವಿಲ್ಲದ ಬಯಲು. ಒಂದೇ ಮಾತಿನಲ್ಲಿ ಹೇಳುವುದಾದರೆ, ಎರಡಕ್ಕೂ ಬೇಕಾದುದು ನಿಶ್ಶಬ್ದ. ಕಾರ್ಖಾನೆಗಳಿಲ್ಲದಿರುವುದೇ ಆ ನಿಶ್ಶಬ್ದಕ್ಕೆ ಕಾರಣ. ಆದರೆ ಪದವೀಧರನಿಗೆ ಉದ್ಯೋಗ ಕೊಡುವುದು ಗದ್ದಲವುಳ್ಳ ಊರು. ಬೆಂಗಳೂರಿನಲ್ಲಿ 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಲೆಯೆತ್ತಿದವು. ಬಳಿಕ ಬಾಹ್ಯಾಕಾಶ ಸಂಸ್ಥೆಗಳು ಬಂದವು. ವಿಜ್ಞಾನವನ್ನು ಈ ಸೀಮೆಗೆ ಕರೆದ ಗುಣವೇ ವಿಜ್ಞಾನದ ಪದವೀಧರನನ್ನು ಸೀಮೆಯಿಂದ ಹೊರಗೆ ಕಳುಹಿಸಿತು.

ಇದರ ಜೊತೆಗೆ ನೇಮಕದ ಕ್ರಮವನ್ನೂ ಗಮನಿಸಬೇಕು. ಇಂಥ ಕೇಂದ್ರಗಳ ವಿಜ್ಞಾನಿಗಳನ್ನು ಅಖಿಲ ಭಾರತ ಸ್ಪರ್ಧೆಯ ಮೂಲಕ ಆರಿಸಲಾಗುತ್ತದೆ. ಟ್ರಾಂಬೆಯ ತರಬೇತಿ ಶಾಲೆಯು 1957ರಿಂದ ಎಂ.ಎಸ್‌ಸಿ. ಹಾಗೂ ಇಂಜಿನಿಯರಿಂಗ್ ಪದವೀಧರರನ್ನು ಆರಿಸಿ ತರಬೇತು ಮಾಡುತ್ತ ಬಂದಿದೆ. ಖಗೋಳ ಸಂಸ್ಥೆಗಳಿಗೆ ಸೇರಲು ಜೆಸ್ಟ್, ನೆಟ್ ಮೊದಲಾದ ಪರೀಕ್ಷೆಗಳಲ್ಲಿ ಉತ್ತೀರ್ಣರಾಗಬೇಕು. ಈ ವ್ಯವಸ್ಥೆಯು ನ್ಯಾಯವಾದುದೇ. ವೀಕ್ಷಣಾಲಯವು ಊರಿನ ಮಕ್ಕಳಿಗೆಂದು ಸ್ಥಾನಗಳನ್ನು ಕಾದಿಡಲಾರದು. ಆದರೆ ಬೇಲಿಯ ಪಕ್ಕದಲ್ಲಿಯೇ ರಾಗಿ ಬಿತ್ತುವ ಮನೆಯ ಹುಡುಗಿಯೊಬ್ಬಳು ಆ ಬೇಲಿಯೊಳಗಿನ ವಿಜ್ಞಾನಿಯಾಗಬೇಕಾದರೆ, ಅವಳನ್ನು ಆ ಪರೀಕ್ಷೆಗೆ ಸಿದ್ಧಪಡಿಸುವ ಅಧ್ಯಾಪಕರು ಹತ್ತಿರದ ಊರಿನಲ್ಲಿರಬೇಕು. ಉಪಕರಣಕ್ಕೂ ಊರಿಗೂ ನಡುವಣ ಸೇತುವೆ ಕಾಲೇಜೇ ಆಗಿದೆ.

5. ಇಂದಿನ ಸ್ಥಿತಿ

1969ರ ಬ್ಯಾಂಕ್ ರಾಷ್ಟ್ರೀಕರಣದ ನಂತರ ಬ್ಯಾಂಕುಗಳು ಪದವೀಧರರನ್ನು ದೊಡ್ಡ ಪ್ರಮಾಣದಲ್ಲಿ ಸೇರಿಸಿಕೊಂಡವು. ವಿಜ್ಞಾನದ ಪದವೀಧರರು ಅಲ್ಲಿಗೆ ಹೋದುದು ರಾಮನ್ನರ ಕಾಲದ ಕಚೇರಿಯ ದಾರಿಯ ಮುಂದುವರಿಕೆಯೇ ಸರಿ. 1980ರ ದಶಕದಿಂದ ಇಂಜಿನಿಯರಿಂಗ್ ಕಾಲೇಜುಗಳು ಬೆಳೆದವು. ಚಿಕ್ಕಬಳ್ಳಾಪುರದಲ್ಲಿಯೇ 1986ರಲ್ಲಿ ಅಂಥ ಕಾಲೇಜು ಆರಂಭವಾಯಿತು. ಬಿ.ಎಸ್‌ಸಿ.ಗೆ ಬರುತ್ತಿದ್ದ ಗಣಿತಾಸಕ್ತ ವಿದ್ಯಾರ್ಥಿಗಳನ್ನು ಅವು ಸೆಳೆದುವಾದರೂ, ಮೊದಲ ವರ್ಷದ ಭೌತವಿಜ್ಞಾನವನ್ನು ಬೋಧಿಸಲು ಅವುಗಳಿಗೆ ಎಂ.ಎಸ್‌ಸಿ. ಪದವೀಧರರು ಬೇಕಾದರು. ಹೀಗೆ ಪ್ರತಿಸ್ಪರ್ಧಿಯೇ ಉದ್ಯೋಗದಾತನೂ ಆಯಿತು.

ಬಿ.ಎಸ್‌ಸಿ. ಪದವಿಯೊಡನೆ ನೇರವಾಗಿ ಸಲ್ಲುವ ಬಾಗಿಲುಗಳೂ ಇಲ್ಲದಿಲ್ಲ. ಭಾಭಾ ಸಂಶೋಧನ ಕೇಂದ್ರವು ಭೌತ, ರಸಾಯನ, ಗಣಿತಗಳ ಪದವೀಧರರನ್ನು ವೇತನಸಹಿತ ತರಬೇತಿಗೆ ತೆಗೆದುಕೊಳ್ಳುತ್ತದೆ. ಹವಾಮಾನ ಇಲಾಖೆಯ ವೈಜ್ಞಾನಿಕ ಸಹಾಯಕರ ಹುದ್ದೆಗೆ ಭೌತವಿಜ್ಞಾನವನ್ನು ಓದಿದವರು ಅರ್ಹರು. ಭೌತವಿಜ್ಞಾನ ಮತ್ತು ಗಣಿತಗಳನ್ನು ಕೂಡಿ ಓದಿದವರು ವಿಮಾನ ಸಂಚಾರ ನಿಯಂತ್ರಣದ ಪರೀಕ್ಷೆಗೆ ಕುಳಿತುಕೊಳ್ಳಬಹುದು. 2008ರಿಂದ ದೇವನಹಳ್ಳಿಯ ವಿಮಾನ ನಿಲ್ದಾಣವು ಈ ತಾಲ್ಲೂಕುಗಳ ಹೊಸ್ತಿಲಲ್ಲೇ ಇರುವಾಗ, ಈ ಹುದ್ದೆಯ ವಿಷಯವನ್ನು ಶಿಡ್ಲಘಟ್ಟದ ವಿದ್ಯಾರ್ಥಿಯು ತಿಳಿದಿರಬೇಕು. ಎಂ.ಎಸ್‌ಸಿ.ಯ ನಂತರ ವಿಕಿರಣ ಭೌತವಿಜ್ಞಾನದಲ್ಲಿ ಡಿಪ್ಲೊಮಾ ಪಡೆದವರಿಗೆ ಅರ್ಬುದ ರೋಗದ ಆಸ್ಪತ್ರೆಗಳಲ್ಲಿ ವಿಕಿರಣದ ಪ್ರಮಾಣವನ್ನು ನಿರ್ಧರಿಸುವ ಜವಾಬ್ದಾರಿಯ ಸ್ಥಾನವುಂಟು. ಕೊಳವೆ ಬಾವಿಗಳ ಈ ನಾಡಿನಲ್ಲಿ, ನೆಲದ ವಿದ್ಯುತ್ ಪ್ರತಿರೋಧವನ್ನಳೆದು ಅಂತರ್ಜಲದ ನೆಲೆಯನ್ನು ಊಹಿಸುವ ಕೆಲಸವೂ ಭೌತವಿಜ್ಞಾನದ ತತ್ತ್ವವನ್ನೇ ಅವಲಂಬಿಸಿದೆ.

ಆದರೂ ಸೀಮೆಯೊಳಗೇ ಇದ್ದು ತನ್ನ ವಿಷಯದಿಂದಲೇ ಬದುಕಬಯಸುವವನಿಗೆ ಮುಖ್ಯ ದಾರಿಯೆಂದರೆ ಇಂದಿಗೂ ಕರಿಹಲಗೆಯ ದಾರಿಯೇ. ಪ್ರೌಢಶಾಲೆಗೆ ಬಿ.ಎಸ್‌ಸಿ. ಮತ್ತು ಬಿ.ಇಡಿ., ಪದವಿಪೂರ್ವ ಕಾಲೇಜಿಗೆ ಎಂ.ಎಸ್‌ಸಿ. ಮತ್ತು ಬಿ.ಇಡಿ., ಪದವಿ ಕಾಲೇಜಿಗೆ ಎಂ.ಎಸ್‌ಸಿ.ಯ ಮೇಲೆ ನೆಟ್, ಕೆ-ಸೆಟ್ ಅಥವಾ ಡಾಕ್ಟೊರೇಟ್. 2017ರಲ್ಲಿ ಕೋಲಾರವನ್ನು ಕೇಂದ್ರವಾಗಿಟ್ಟುಕೊಂಡು ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯವು ಕಾರ್ಯಾರಂಭ ಮಾಡಿದುದರಿಂದ ಈ ಸೀಮೆಯ ಕಾಲೇಜುಗಳಿಗೆ ತಮ್ಮದೇ ಆದ ವಿಶ್ವವಿದ್ಯಾನಿಲಯವು ದೊರೆತಂತಾಯಿತು. ಆದರೆ ಇದೇ ದಾರಿಯಲ್ಲಿ ಬಿರುಕು ಕಾಣಿಸಿರುವುದನ್ನು ಮರೆಮಾಚಲಾಗದು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಮಂದಿ ಅತಿಥಿ ಉಪನ್ಯಾಸಕರು ವರ್ಷ ವರ್ಷಕ್ಕೂ ಹೊಸದಾಗಿ ನೇಮಕವಾಗುತ್ತ ಬೋಧಿಸುತ್ತಿದ್ದಾರೆ. 1946ರಲ್ಲಿ ನರಸಿಂಹಯ್ಯನವರಿಗೆ ದೊರೆತಂಥ ನೆಲೆಯು, ಅಂದರೆ ಒಂದೇ ಕಾಲೇಜಿನಲ್ಲಿ ದಶಕಗಳ ಕಾಲ ನಿಂತು ವಿದ್ಯಾರ್ಥಿಗಳ ತಲೆಮಾರುಗಳನ್ನು ಬೆಳೆಸುವ ಅವಕಾಶವು, ಇಂಥವರಿಗೆ ದುರ್ಲಭ. ಮುಂದಿನ ವರ್ಷ ತಾನೆಲ್ಲಿರುವೆನೆಂದು ಅರಿಯದ ಅಧ್ಯಾಪಕನು ಪ್ರಯೋಗಶಾಲೆಯನ್ನು ಕಟ್ಟುವುದು ಕಷ್ಟ. ಶಿಷ್ಯನನ್ನು ಮೂರು ವರ್ಷಗಳ ಮುಂದಿನ ಪರೀಕ್ಷೆಗೆ ಅಣಿಗೊಳಿಸುವುದು ಇನ್ನೂ ಕಷ್ಟ.

ಪದವಿಯ ಅವಧಿಯ ವಿಷಯದಲ್ಲಿಯೂ ಅಸ್ಥಿರತೆ ಕಂಡುಬಂದಿತು. 2021–22ರಲ್ಲಿ ನಾಲ್ಕು ವರ್ಷಗಳ ಆನರ್ಸ್ ಕ್ರಮವು ಜಾರಿಗೆ ಬಂದು, 2024–25ರಲ್ಲಿ ರಾಜ್ಯವು ಮೂರು ವರ್ಷಗಳ ಕ್ರಮಕ್ಕೆ ಮರಳಿತು. ರೇಷ್ಮೆ ಹುಳುವಿನ ಮನೆಯಲ್ಲಿ ಒಬ್ಬ ಮಗನು ಮೂರು ವರ್ಷ ಓದುವುದೆಂದರೆ ಮೂರು ವರ್ಷಗಳ ದುಡಿಮೆಯನ್ನು ಬಿಟ್ಟುಕೊಡುವುದೆಂದೇ ಅರ್ಥ. ಅಂಥ ಕುಟುಂಬಕ್ಕೆ ಒಂದು ವರ್ಷದ ಹೆಚ್ಚುಕಡಮೆಯು ಸಣ್ಣ ಮಾತಲ್ಲ.

6. ಉಪಸಂಹಾರ

ಮೇಲಿನ ಸಮೀಕ್ಷೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಈ ಸೀಮೆಯಲ್ಲಿ ಭೌತವಿಜ್ಞಾನದ ಪದವಿಗೆ ಮೂರು ಕಾಲಗಳಲ್ಲಿ ಮೂರು ದಾರಿಗಳು ತೆರೆದವು: ಕಚೇರಿ, ಕರಿಹಲಗೆ, ಪ್ರಯೋಗಶಾಲೆ. ಒಂದು ತೆರೆದಾಗ ಇನ್ನೊಂದು ಮುಚ್ಚಲಿಲ್ಲ. ಇಂದಿನ ವಿದ್ಯಾರ್ಥಿಯು ಮೂರನ್ನೂ ತನ್ನ ಮುಂದೆ ಕಾಣುತ್ತಾನೆ. ಇವುಗಳಲ್ಲಿ ಮಧ್ಯದ ದಾರಿಯ ಮೇಲೆಯೇ ಉಳಿದೆರಡೂ ನಿಂತಿವೆ. ಕಚೇರಿಯ ಪರೀಕ್ಷೆಗೂ ಪ್ರಯೋಗಶಾಲೆಯ ಪರೀಕ್ಷೆಗೂ ವಿದ್ಯಾರ್ಥಿಯನ್ನು ಕಳುಹಿಸಿಕೊಡುವವನು ಅಧ್ಯಾಪಕ. ಆದುದರಿಂದ ಭೌತವಿಜ್ಞಾನ ಪದವೀಧರರ ಉದ್ಯೋಗದ ವಿಚಾರವನ್ನು ಪದವೀಧರರ ಸಾಮರ್ಥ್ಯದ ವಿಚಾರವೆಂದಷ್ಟೇ ತಿಳಿಯುವುದು ಅಪೂರ್ಣವಾದ ತಿಳಿವಳಿಕೆ. ತಾಲ್ಲೂಕು ಕಾಲೇಜುಗಳ ಭೌತವಿಜ್ಞಾನ ವಿಭಾಗಗಳಲ್ಲಿ ಸ್ಥಿರವಾದ ಹುದ್ದೆಗಳಿರುವುದೂ, ಆ ವಿಭಾಗಗಳಿಗೂ ಗೌರಿಬಿದನೂರಿನ ಕೇಂದ್ರಗಳಿಗೂ ನಿಯತವಾದ ವಿದ್ಯಾಸಂಬಂಧವಿರುವುದೂ ಈ ಪ್ರಶ್ನೆಯ ಅಂಗಗಳೇ ಆಗಿವೆ.

ವಿದ್ಯಾರ್ಥಿಗಳಿಗೆ ಈ ಚರಿತ್ರೆಯಿಂದ ದೊರೆಯುವ ಉಪದೇಶವು ಸರಳವಾದುದು. ಮೂರು ದಾರಿಗಳಲ್ಲಿ ಯಾವುದು ತನ್ನದೆಂಬುದನ್ನು ಅಂತಿಮ ವರ್ಷಕ್ಕೆ ಮೊದಲೇ ಆಲೋಚಿಸಿ, ಅದಕ್ಕೆ ಬೇಕಾದ ಪರೀಕ್ಷೆಯನ್ನೂ ವಿಷಯಗಳ ಸಂಯೋಜನೆಯನ್ನೂ ತಿಳಿದುಕೊಂಡವನಿಗೆ ಪದವಿಯು ವ್ಯರ್ಥವಾಗುವ ಭಯ ಕಡಮೆ. ಅಧ್ಯಾಪಕರಿಗೆ ದೊರೆಯುವ ಉಪದೇಶವೂ ಒಂದುಂಟು: ತರಗತಿಯೊಂದನ್ನು ವರ್ಷಕ್ಕೊಮ್ಮೆಯಾದರೂ ಗೌರಿಬಿದನೂರಿನ ಆ ಬಯಲಿಗೆ, ಅನುಮತಿ ಪಡೆದು, ಕರೆದೊಯ್ಯುವುದು. ಆಕಾಶದ ಅಲೆಗಳನ್ನು ಅಳೆಯುವ ಕೆಲಸಕ್ಕೂ ಸಂಬಳವುಂಟೆಂಬುದನ್ನು ಚಿಂತಾಮಣಿಯ ವಿದ್ಯಾರ್ಥಿಯು ಪುಸ್ತಕದಿಂದ ತಿಳಿಯುವುದಕ್ಕಿಂತ ಕಣ್ಣಾರೆ ಕಂಡು ತಿಳಿಯುವುದು ಮೇಲು.